ಕೊನೆಯ ಮೂರು ಕಿಲೋಮೀಟರು: ಮಲೆನಾಡಿನ ಮನೆಗೆ ಸಾಮಾನು ಸಾಗಣೆ

ಬೆಂಗಳೂರಿನಲ್ಲಿ ಮನೆಯ ಸಾಮಾನುಗಳನ್ನು ಲಾರಿಗೇರಿಸಿ ಮಡಿಕೇರಿ, ಚಿಕ್ಕಮಗಳೂರು ಅಥವಾ ತೀರ್ಥಹಳ್ಳಿಯ ಪೇಟೆಗೆ ತಲುಪಿಸುವುದು ಸಾಗಣೆ ಉದ್ಯಮಕ್ಕೆ ಇಂದು ದೊಡ್ಡ ಕೆಲಸವೇನಲ್ಲ. ಹೆದ್ದಾರಿಯಿದೆ, ಲಾರಿಯಿದೆ, ದೂರಕ್ಕೆ ತಕ್ಕಂತೆ ರೂಢಿಗೆ ಬಂದ ದರವೂ ಇದೆ. ತೊಡಕು ಆರಂಭವಾಗುವುದು ಪೇಟೆ ದಾಟಿದ ಮೇಲೆ, ಡಾಂಬರು ರಸ್ತೆಯಿಂದ ತೋಟದ ಕಡೆಗೆ ಕವಲೊಡೆಯುವ ದಾರಿಯಲ್ಲಿ. ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಇಳುಕಲು, ನಡುವೆ ಒಂದು ಜೀಪು ಹೋಗುವಷ್ಟು ಜಾಗ. ಅಂತಹ ಕವಲಿನಲ್ಲಿ ಲಾರಿ ನಿಂತುಹೋಗುತ್ತದೆ. ಚಾಲಕ ಮುಂದಕ್ಕೆ ಹೋಗಲೊಪ್ಪುವುದಿಲ್ಲ. ಹೆಚ್ಚುವರಿ ಹಣದ ಮಾತು ಬರುತ್ತದೆ. ಸಾಮಾನಿನ ಒಡೆಯ ಆ ಹೊತ್ತಿನಲ್ಲಿ ಚೌಕಾಶಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ.

ಇಂತಹ ಸಾಗಣೆಗೆ ಬೇಡಿಕೆ ಕಡಿಮೆಯೇನಲ್ಲ. ನಿವೃತ್ತಿಯ ನಂತರ ಊರಿನ ಮನೆಗೆ ಮರಳುವವರು, ವರ್ಗಾವಣೆಗೊಂಡ ಬ್ಯಾಂಕ್ ನೌಕರರು ಹಾಗೂ ಶಿಕ್ಷಕರು, ಕಾಫಿ ತೋಟಗಳ ವ್ಯವಸ್ಥಾಪಕರು, ಹೋಂಸ್ಟೇ ನಡೆಸುವವರು, 2020ರ ನಂತರ ಮನೆಯಿಂದಲೇ ಕಚೇರಿ ಕೆಲಸ ನಿರ್ವಹಿಸಲು ಆರಂಭಿಸಿದವರು ಎಲ್ಲರೂ ಈ ಗಿರಾಕಿಗಳ ಸಾಲಿನಲ್ಲಿದ್ದಾರೆ. ಆದರೂ ನಗರದ ಬಹುಪಾಲು ಸಾಗಣೆ ಸಂಸ್ಥೆಗಳ ದರಪಟ್ಟಿಯು ಮುನ್ನೂರು ಕಿಲೋಮೀಟರಿನ ಹೆದ್ದಾರಿಯನ್ನು ನೋಡಿ ತಯಾರಾಗುತ್ತದೆಯೇ ಹೊರತು, ಕೊನೆಯ ಮೂರು ಕಿಲೋಮೀಟರಿನ ಏರನ್ನು ನೋಡಿ ಅಲ್ಲ. ವ್ಯಾಜ್ಯಗಳ ಮೂಲ ಇರುವುದು ಇಲ್ಲಿಯೇ.

ರಸ್ತೆಯ ಅಳತೆ

ಸರಕಾರದ ರಸ್ತೆಗಳಿಗೆ ಒಂದು ಮಾನದಂಡವಿದೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ನಿರ್ಮಾಣವಾದ ರಸ್ತೆಗಳ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ವಾಹನಸಂಚಾರ ವಿರಳವಾಗಿರುವೆಡೆ 3 ಮೀಟರ್. ಸರಕು ವಾಹನವೊಂದರ ಕಾನೂನುಬದ್ಧ ಗರಿಷ್ಠ ಅಗಲ 2.6 ಮೀಟರ್. ಎಂದರೆ ದೊಡ್ಡ ಲಾರಿಯೊಂದು ಹೋಗಬಹುದು, ಎದುರಿಗೆ ಇನ್ನೊಂದು ವಾಹನ ಬಂದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕು. ಏರುತ್ತಿರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ಘಟ್ಟದ ರಸ್ತೆಗಳ ನಿಯಮ. ಭಾರ ಹೊತ್ತು ಏರುವಾಗ ನಿಂತ ಗಾಡಿಯನ್ನು ಮತ್ತೆ ಎಳೆಯುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಮಾಡಿದ ನಿಯಮವದು.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಗದಿಯಂತೆ ಕಡಿದಾದ ಗುಡ್ಡಪ್ರದೇಶದಲ್ಲಿಯೂ ಗ್ರಾಮೀಣ ರಸ್ತೆಯ ಸಾಮಾನ್ಯ ಏರು ನೂರಕ್ಕೆ 6, ತೀರ ಅನಿವಾರ್ಯವಾದಲ್ಲಿ 8. ಹೇರ್‌ಪಿನ್ ತಿರುವಿನ ಒಳಬದಿಯ ತ್ರಿಜ್ಯ ಕನಿಷ್ಠ 14 ಮೀಟರ್. ಆ ತಿರುವಿನ ನೆತ್ತಿಯಲ್ಲಿ ಹಳ್ಳಿಯ ರಸ್ತೆಗೂ 6.5 ಮೀಟರ್ ಅಗಲವಿರಬೇಕು. ತಿರುವಿನಲ್ಲಿ ಏರು ನಲವತ್ತಕ್ಕೆ ಒಂದನ್ನು ಮೀರಬಾರದು. ತೋಟದ ಒಳಗಿನ ದಾರಿಗಳನ್ನು ಕಡಿದವರು ಈ ಯಾವ ಪುಸ್ತಕವನ್ನೂ ನೋಡಿದವರಲ್ಲ. ಗೊಬ್ಬರ ಒಯ್ಯುವ ಟ್ರ್ಯಾಕ್ಟರು, ಕಾಫಿ ಚೀಲ ಹೊರುವ ಜೀಪು ಹೋದರೆ ಸಾಕೆಂದು ಮಾಡಿದ ದಾರಿಗಳವು. ಅಲ್ಲಿ ಐದು ಮೀಟರಿಗೆ ಒಂದು ಮೀಟರ್ ಏರುವ ಜಾಗಗಳೂ ಉಂಟು, ಏರಿನ ನಡುವೆಯೇ ಒಮ್ಮೆಗೆ ತಿರುಗಲಾಗದ ತಿರುವುಗಳೂ ಉಂಟು.

ಆದ್ದರಿಂದ ಸಾಗಣೆದಾರನಿಗೆ ವಿಳಾಸ ಕೊಟ್ಟರೆ ಸಾಲದು. ದಾರಿಯ ಅಳತೆಯನ್ನೂ ಕೊಡಬೇಕು. ಅಳೆಯಬೇಕಾದುದು ದಾರಿಯ ಸರಾಸರಿ ಅಗಲವನ್ನಲ್ಲ, ಅತ್ಯಂತ ಕಿರಿದಾದ ಜಾಗವನ್ನು. ಅದು ಹಲವು ಬಾರಿ ರಸ್ತೆಯಲ್ಲಿರದೆ ಮನೆಯ ಗೇಟಿನಲ್ಲಿಯೋ, ಮೋರಿಯ ಎರಡು ಕಟ್ಟೆಗಳ ನಡುವೆಯೋ, ಉಣುಗೋಲಿನ ಕಂಬಗಳ ನಡುವೆಯೋ ಇರುತ್ತದೆ. ಎತ್ತರದ ಅಳತೆಯನ್ನು ಮರೆಯುವವರೇ ಹೆಚ್ಚು. ಜೋತುಬಿದ್ದ ವಿದ್ಯುತ್ ತಂತಿ, ದಾರಿಯ ಮೇಲೆ ಬಾಗಿದ ಹಲಸಿನ ಕೊಂಬೆ ಇವು ಜೀಪಿಗೆ ಅಡ್ಡಿಯಾಗದಿದ್ದರೂ ಪೆಟ್ಟಿಗೆಯಾಕಾರದ ಮುಚ್ಚಿದ ಲಾರಿಗೆ ಅಡ್ಡಿಯಾಗುತ್ತವೆ. ತೋಡಿನ ಮೇಲಿನ ಕಿರುಸೇತುವೆ ಎಷ್ಟು ಭಾರ ತಡೆಯುತ್ತದೆಂಬುದನ್ನು ಊರಿನವರನ್ನು ಕೇಳಿಯೇ ತಿಳಿಯಬೇಕು. ಮರಳು ತುಂಬಿದ ಟಿಪ್ಪರು ಅದರ ಮೇಲೆ ಹೋದದ್ದುಂಟೇ ಎಂಬ ಪ್ರಶ್ನೆಗೆ ಸಿಗುವ ಉತ್ತರ ಬೇರೆಲ್ಲ ಅಂದಾಜಿಗಿಂತ ಹೆಚ್ಚು ನಂಬಲರ್ಹ. ಕಾಲುಸಂಕದಾಚೆ ಮನೆಯಿದ್ದಲ್ಲಿ ಯಾವ ವಾಹನದ ಪ್ರಶ್ನೆಯೂ ಏಳುವುದಿಲ್ಲ, ಅಲ್ಲಿ ಮಾತು ತಲೆಹೊರೆಯದು.

ದಾರಿಯ ಆರಂಭದಿಂದ ಅಂಗಳದವರೆಗೆ ಮೊಬೈಲ್ ಫೋನಿನಲ್ಲಿ ಒಂದು ವೀಡಿಯೋ ತೆಗೆದು, ಕಿರಿದಾದ ಜಾಗದಲ್ಲಿ ಅಳತೆಪಟ್ಟಿ ಹಿಡಿದು ತೋರಿಸಿ, ಅದನ್ನು ಸಾಗಣೆದಾರನಿಗೆ ಕಳುಹಿಸಿ, ಆತ ನೋಡಿದ್ದೇನೆಂದು ಬರೆದು ಒಪ್ಪಿದ ಮೇಲೆ ದರ ಪಡೆಯುವುದು ಉತ್ತಮ ಕ್ರಮ. ಫೋನಿನ ನಕ್ಷೆಯನ್ನು ಮಾತ್ರ ನೆಚ್ಚುವುದು ಅಪಾಯಕರ. ನಕ್ಷೆಗೆ ದೂರ ಗೊತ್ತು, ಏರು ಗೊತ್ತಿಲ್ಲ. ಹತ್ತಿರದ ದಾರಿಯೆಂದು ಅದು ತೋರಿಸುವುದು ಎಷ್ಟೋ ಬಾರಿ ಪಕ್ಕದ ತೋಟದವರ ಸ್ವಂತ ದಾರಿಯಾಗಿರುತ್ತದೆ.

ಇಲ್ಲೊಂದು ಮಾತನ್ನು ಸೇರಿಸಬೇಕು. ಮಲೆನಾಡಿನಲ್ಲಿ ಅನೇಕ ಮನೆಗಳಿಗೆ ದಾರಿ ಇನ್ನೊಬ್ಬರ ಜಮೀನಿನ ಮೂಲಕವೇ ಹಾದುಹೋಗುತ್ತದೆ. ದಿನನಿತ್ಯದ ಓಡಾಟಕ್ಕೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ತುಂಬಿದ ಲಾರಿಯ ಚಕ್ರ ಚರಂಡಿಯ ಅಂಚನ್ನು ಕುಸಿಸಿದರೆ, ಬೇಲಿ ಕಿತ್ತರೆ, ಮಾತು ಬೆಳೆಯುತ್ತದೆ. ನೆರೆಯವರನ್ನು ಮುಂಚಿತವಾಗಿ ಕಂಡು, ದಿನ ಹೇಳಿ, ದಾರಿ ಹಾಳಾದರೆ ಸರಿಪಡಿಸಿಕೊಡುವುದಾಗಿ ತಿಳಿಸಿ ಒಪ್ಪಿಗೆ ಪಡೆಯುವುದು ಹೊಸದಾಗಿ ವಾಸಕ್ಕೆ ಬರುವವರಿಗಂತೂ ಅತ್ಯಗತ್ಯ. ಇಡೀ ಊರಿನೊಡನೆ ಮೊದಲ ಪರಿಚಯ ಜಗಳದಿಂದಾಗಬಾರದಲ್ಲವೇ.

ದೊಡ್ಡ ಲಾರಿ, ಸಣ್ಣ ಗಾಡಿ

ಕಡಿದಾದ ದಾರಿಯ ಸಾಗಣೆಯಲ್ಲಿ ಎರಡು ಹಂತದ ಪದ್ಧತಿಯೇ ರೂಢಿ. ಪೇಟೆಯವರೆಗೆ ಅಥವಾ ಕವಲಿನ ಸಮೀಪದ ಬಯಲಿನವರೆಗೆ ದೊಡ್ಡ ಲಾರಿ. ಅಲ್ಲಿಂದ ಮನೆಯವರೆಗೆ ಪಿಕಪ್, ನಾಲ್ಕು ಚಕ್ರಕ್ಕೂ ಎಳೆತವಿರುವ ಜೀಪು ಅಥವಾ 2005ರಲ್ಲಿ ಮಾರುಕಟ್ಟೆಗೆ ಬಂದು ಸಣ್ಣ ಸಾಗಣೆಯ ಸ್ವರೂಪವನ್ನೇ ಬದಲಿಸಿದ ಟಾಟಾ ಏಸ್ ಮಾದರಿಯ ಗಾಡಿ. ಸಣ್ಣ ಗಾಡಿಯೆಂದರೆ ಖರ್ಚು ಸಣ್ಣದೆಂಬ ಭಾವನೆ ಮಾತ್ರ ಲೆಕ್ಕ ಹಾಕಿದಾಗ ನಿಲ್ಲುವುದಿಲ್ಲ.

ಎರಡು ಮಲಗುವ ಕೋಣೆಗಳ ಮನೆಯ ಸಾಮಾನು 17 ಅಡಿಯ ಲಾರಿಯನ್ನು ತುಂಬಿತೆಂದು ಭಾವಿಸಬಹುದು. 17 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರಕ್ಕೆ ತುಂಬಿದರೆ ಒಟ್ಟು 612 ಘನ ಅಡಿ. ಸಣ್ಣ ಗಾಡಿಯ ತೊಟ್ಟಿ ಹೆಚ್ಚುಕಡಿಮೆ 7 ಅಡಿ ಉದ್ದ, 5 ಅಡಿ ಅಗಲ. ಏರುದಾರಿಯಲ್ಲಿ ನಾಲ್ಕೂವರೆ ಅಡಿಗಿಂತ ಎತ್ತರಕ್ಕೆ ಪೇರಿಸುವುದು ವಿವೇಕವಲ್ಲ. ಹಾಗಾಗಿ ಒಂದು ಸಲಕ್ಕೆ ಸುಮಾರು 157 ಘನ ಅಡಿ. ನಾಲ್ಕು ಸರದಿ ಬೇಕು. ತುಂಬಲು ಅರ್ಧ ಗಂಟೆ, ಏರಲು ಇಪ್ಪತ್ತು ನಿಮಿಷ, ಇಳಿಸಲು ನಲವತ್ತು ನಿಮಿಷ, ಮರಳಲು ಹದಿನೈದು ನಿಮಿಷವೆಂದರೆ ಒಂದು ಸರದಿಗೆ ಒಂದೂಮುಕ್ಕಾಲು ಗಂಟೆ. ನಾಲ್ಕಕ್ಕೆ ಏಳು ಗಂಟೆ. ಬೆಳಗ್ಗೆ 7ಕ್ಕೆ ಲಾರಿ ಬಯಲಿಗೆ ಬಂದರೆ ಮಧ್ಯಾಹ್ನ 2ಕ್ಕೆ ಕೆಲಸ ಮುಗಿಯುತ್ತದೆ. ಮಧ್ಯಾಹ್ನ 12ಕ್ಕೆ ಬಂದರೆ ಕೊನೆಯ ಸರದಿ ಕತ್ತಲಲ್ಲಿ. ಈ ಏಳು ಗಂಟೆ ದೊಡ್ಡ ಲಾರಿಯೂ ನಿಂತೇ ಇರುತ್ತದೆ, ಅದಕ್ಕೂ ಬಾಡಿಗೆಯುಂಟು. ಎರಡು ಸಣ್ಣ ಗಾಡಿ ಹಾಗೂ ಮೇಲೊಂದು ಕೆಳಗೊಂದು ಎಂದು ಎರಡು ತಂಡ ಆಳುಗಳಿದ್ದರೆ ಕಾಲ ಅರ್ಧದಷ್ಟಾಗುತ್ತದೆ. ದರಪಟ್ಟಿಯಲ್ಲಿ ಈ ಲೆಕ್ಕ ಕಾಣಿಸದಿದ್ದರೆ, ಸಾಗಣೆದಾರ ದಾರಿಯನ್ನು ಗಮನಿಸಿಲ್ಲವೆಂದೇ ತಿಳಿಯಬೇಕು.

ತುಂಬುವ ಕ್ರಮವೂ ಬಯಲುಸೀಮೆಯದಲ್ಲ. ಏರುವಾಗ ಭಾರವೆಲ್ಲ ಹಿಂಬದಿಗೆ ಜಾರುತ್ತದೆ; ಹಿಂದಿನ ಬಾಗಿಲಿನ ಕೊಂಡಿಯನ್ನು ನಂಬದೆ ಹಗ್ಗದಿಂದ ಬಿಗಿಯಬೇಕು. ಬೀರು, ಫ್ರಿಡ್ಜು, ರುಬ್ಬುವ ಕಲ್ಲುಗಳು ತಳದಲ್ಲಿ, ಚಾಲಕನ ಕೋಣೆಗೆ ಒತ್ತಿ ಇರಬೇಕು. ಏರಿನಲ್ಲಿ ನಿಲ್ಲಿಸಿದ ಗಾಡಿಯ ಚಕ್ರಕ್ಕೆ ಕಲ್ಲು ಕೊಡದೆ ಸಾಮಾನಿಗೆ ಕೈ ಹಾಕುವ ತಂಡವನ್ನು ಅಲ್ಲಿಯೇ ತಡೆಯಬೇಕು. ಅಡುಗೆ ಅನಿಲದ ಸಿಲಿಂಡರನ್ನು ಲಾರಿಯಲ್ಲಿ ಹಾಕುವಂತಿಲ್ಲ; ಹಳೆಯ ವಿತರಕನಲ್ಲಿ ಅದನ್ನು ಒಪ್ಪಿಸಿ, ವರ್ಗಾವಣೆ ಚೀಟಿ ಪಡೆದು, ಹೊಸ ಊರಿನಲ್ಲಿ ಸಂಪರ್ಕ ಪಡೆಯಬೇಕು. ದ್ವಿಚಕ್ರವಾಹನದ ಪೆಟ್ರೋಲನ್ನು ಬರಿದು ಮಾಡಬೇಕು.

ಹೊಣೆ ಎಲ್ಲಿಯವರೆಗೆ

ಮೇಲಿನ ಎರಡು ಹಂತದ ಪದ್ಧತಿಯಲ್ಲಿ ಅಡಗಿರುವ ನಿಜವಾದ ಅಪಾಯ ಕಾನೂನಿನದು. 1865ರ ಸಾಗಣೆದಾರರ ಕಾಯಿದೆಯ ಸ್ಥಾನದಲ್ಲಿ 2007ರ ರಸ್ತೆ ಮೂಲಕ ಸರಕು ಸಾಗಣೆ ಕಾಯಿದೆ ಬಂದು, ಅದರ ನಿಯಮಗಳು 2011ರಲ್ಲಿ ಜಾರಿಯಾದವು. ಈ ಕಾಯಿದೆಯಂತೆ ಬಾಡಿಗೆಗೆ ಎಲ್ಲರ ಸರಕನ್ನು ಸಾಗಿಸುವವನು ನೋಂದಣಿ ಪಡೆದಿರಬೇಕು. ಸರಕಿನ ವಿವರ ಹಾಗೂ ಮೌಲ್ಯವನ್ನೊಳಗೊಂಡ ರವಾನೆ ಪತ್ರವನ್ನು ಗಿರಾಕಿ ಬರೆದುಕೊಡಬೇಕು. ಸಾಗಣೆದಾರ ಸರಕಿನ ರಸೀದಿ ಕೊಡಬೇಕು. ನಷ್ಟ ಸಂಭವಿಸಿದಲ್ಲಿ ಸಾಗಣೆದಾರನ ಹೊಣೆಗೆ ಒಂದು ಮಿತಿಯಿದೆ. ಗಿರಾಕಿಯು ಹೆಚ್ಚಿನ ಹೊಣೆಯ ದರವನ್ನು ಕೊಟ್ಟು ಬರೆಸಿಕೊಳ್ಳದಿದ್ದಲ್ಲಿ, ಆ ಮಿತಿ ಸಾಗಣೆ ಬಾಡಿಗೆಯ ಹತ್ತು ಪಟ್ಟು.

ಈ ಹತ್ತು ಪಟ್ಟಿನ ಲೆಕ್ಕವನ್ನು ಗುಡ್ಡದ ದಾರಿಗೆ ಅನ್ವಯಿಸಿ ನೋಡಬೇಕು. ಬೆಂಗಳೂರಿನಿಂದ ಪೇಟೆಯವರೆಗಿನ ಬಾಡಿಗೆ 24,000 ರೂಪಾಯಿ ಎಂದು ಊಹಿಸಿದರೆ ಹೊಣೆಯ ಮಿತಿ 2,40,000. ಆರು ಲಕ್ಷದ ಸಾಮಾನಿಗೆ ಅದೇ ಸಾಲದು. ಇನ್ನು ಕವಲಿನಲ್ಲಿ ನಿಂತ ಲಾರಿಯಿಂದ ಸಾಮಾನಿಳಿಸಿಕೊಂಡು, ಗಿರಾಕಿಯೇ ಸ್ಥಳೀಯ ಪಿಕಪ್ ಒಂದನ್ನು 1,500 ರೂಪಾಯಿಗೆ ಗೊತ್ತುಮಾಡಿದನೆಂದರೆ, ಲಾರಿಯವನ ಹೊಣೆ ಕವಲಿನಲ್ಲಿಯೇ ಮುಗಿಯಿತು. ಪಿಕಪ್ಪಿನವನಲ್ಲಿ ರಸೀದಿಯಿಲ್ಲ, ಹಲವು ಬಾರಿ ನೋಂದಣಿಯೂ ಇಲ್ಲ. ಹತ್ತು ಪಟ್ಟಿನ ಲೆಕ್ಕ ಹಿಡಿದರೂ ಹದಿನೈದು ಸಾವಿರದ ಮಾತು. ಒಡೆಯುವ, ಉರುಳುವ ಸಂಭವ ಅತಿ ಹೆಚ್ಚಿರುವ ದಾರಿಯಲ್ಲಿಯೇ ಹೊಣೆ ಅತಿ ಕಡಿಮೆ.

ಇದಕ್ಕೆ ಪರಿಹಾರ ಕರಾರಿನ ಒಂದು ವಾಕ್ಯದಲ್ಲಿದೆ. ತಲುಪಿಸುವ ಸ್ಥಳ ಪೇಟೆಯಲ್ಲ, ಮನೆಯ ಒಳಗೆ. ನಡುವೆ ಬೇಕಾಗುವ ಸಣ್ಣ ವಾಹನ ಹಾಗೂ ಆಳುಗಳ ವ್ಯವಸ್ಥೆ ಮತ್ತು ಆ ದಾರಿಯ ಹಾನಿಯ ಹೊಣೆ ಮೂಲ ಸಾಗಣೆದಾರನದೇ ಎಂದು ರಸೀದಿಯಲ್ಲಿ ಬರೆಸಬೇಕು. ಸಣ್ಣ ಗಾಡಿಯ ಖರ್ಚನ್ನು ಒಟ್ಟು ಮೊತ್ತದಲ್ಲಿ ಸೇರಿಸಿ, ಹಣ ಸಂದಾಯವಾಗುವುದು ಒಬ್ಬರಿಗೇ ಆಗಿರಬೇಕು. ಸ್ಥಳೀಯ ಗಾಡಿಯವನನ್ನು ಗಿರಾಕಿಯೇ ಬಲ್ಲನಾದರೆ ಸಾಗಣೆದಾರನಿಗೆ ಅವನ ಪರಿಚಯ ಮಾಡಿಕೊಡಲಿ. ನೇಮಕ ಮಾತ್ರ ಸಾಗಣೆದಾರನದಾಗಿರಲಿ. ಇದಕ್ಕೊಪ್ಪದ ಸಂಸ್ಥೆ ಕಡಿಮೆ ದರ ಹೇಳಿದರೂ ಅದು ಅಗ್ಗವಲ್ಲ.

ವಿಮೆಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಸಾಮಾನಿನ ಮೌಲ್ಯದ ಮೇಲೆ ನೂರಕ್ಕಿಷ್ಟೆಂದು ಮೊತ್ತ ಪಡೆದು ಬಿಲ್ಲಿನಲ್ಲಿ 'ವಿಮೆ' ಎಂದು ನಮೂದಿಸುವ ಪದ್ಧತಿ ಈ ಉದ್ಯಮದಲ್ಲಿದೆ. ವಿಮಾ ಪಾಲಿಸಿ ನೀಡುವ ಅಧಿಕಾರ ನೋಂದಾಯಿತ ವಿಮಾ ಕಂಪನಿಗೆ ಮಾತ್ರ ಉಂಟು. ಕಂಪನಿಯ ಹೆಸರು, ಪಾಲಿಸಿಯ ಸಂಖ್ಯೆ, ಗಿರಾಕಿಯ ಹೆಸರು ಹಾಗೂ ಮನೆಯ ಬಾಗಿಲಿನವರೆಗಿನ ಸಾಗಣೆಯ ಉಲ್ಲೇಖ ಇರುವ ಪತ್ರ ಕೈಗೆ ಬರುವವರೆಗೆ ವಿಮೆಯಾಗಿದೆಯೆಂದು ಭಾವಿಸಬಾರದು. ಸಾಗಣೆದಾರನೇ ಪಡೆಯುವ ಮೊತ್ತ ಹೆಚ್ಚಿನ ಹೊಣೆಯ ದರವಾಗಿದ್ದರೆ ಅದನ್ನು ಹಾಗೆಂದೇ ಬರೆಸಬೇಕು. ವರ್ಗಾವಣೆ ಭತ್ಯೆ ಪಡೆಯುವ ಬ್ಯಾಂಕ್ ನೌಕರರು ಭಾರತೀಯ ಬ್ಯಾಂಕುಗಳ ಸಂಘ ಶಿಫಾರಸು ಮಾಡಿದ ಸಾಗಣೆದಾರರ ಪಟ್ಟಿಯನ್ನು ನೋಡುವುದು ವಾಡಿಕೆ. ಆ ಪಟ್ಟಿಯಲ್ಲಿ ಹೆಸರಿದೆಯೆಂಬುದು ಗುಡ್ಡದ ದಾರಿಯ ಅನುಭವಕ್ಕೆ ಪುರಾವೆಯಲ್ಲ.

ಒಂದು ವಿಚಾರದಲ್ಲಿ ಮಾತ್ರ ನೆಮ್ಮದಿಯಿದೆ. 2018ರ ಏಪ್ರಿಲಿನಲ್ಲಿ ಜಾರಿಗೆ ಬಂದ ಇ-ವೇ ಬಿಲ್ ನಿಯಮದಿಂದ ಬಳಸಿದ ವೈಯಕ್ತಿಕ ಹಾಗೂ ಗೃಹಬಳಕೆಯ ವಸ್ತುಗಳಿಗೆ ವಿನಾಯಿತಿಯಿದೆ. ಬಳಸಿದ ಸಾಮಾನೆಂಬ ಪಟ್ಟಿಯೊಂದು ಚಾಲಕನಲ್ಲಿದ್ದರೆ ತಪಾಸಣೆಯಲ್ಲಿ ತೊಡಕಾಗದು. ಹೊಸ ಮನೆಗೆಂದು ಅದೇ ಲಾರಿಯಲ್ಲಿ ಹೊಸ ಟಿ.ವಿ., ಹೊಸ ಪೀಠೋಪಕರಣ ಹಾಕಿದಾಗ ಅವುಗಳ ಬಿಲ್ಲು ಜೊತೆಗಿರಬೇಕು.

ಯಾವ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಗಣೆ ಬೇಡವೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ನಗರದ ಸಂಸ್ಥೆಗಳಿಗೆ ಹೇಳಬೇಕಾಗುತ್ತದೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ-ಸಂಪಾಜೆ ಹೆದ್ದಾರಿ ಮುಚ್ಚಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ, 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಶಿರಾಡಿ ದಾರಿಗೆ ಅದೇ ಗತಿಯಾಯಿತು. ಕರಾವಳಿಯಿಂದ ಘಟ್ಟ ಹತ್ತುವ ಸರಕಿಗೆ ಇವೇ ಮುಖ್ಯ ದಾರಿಗಳು. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಹುಕಾಲದ್ದು. ಮೋಟಾರು ವಾಹನ ಕಾಯಿದೆಯಡಿ ಭಾರಿ ವಾಹನಗಳನ್ನು ತಡೆಯುವ ಆದೇಶಗಳು ಮಳೆಗಾಲದಲ್ಲಿ ಜಿಲ್ಲಾಡಳಿತಗಳಿಂದ ಹೊರಡುತ್ತಲೇ ಇರುತ್ತವೆ. ಮೈಸೂರು ಕಡೆಯಿಂದ ವಯನಾಡು, ನೀಲಗಿರಿಗೆ ಹೋಗುವ ಲಾರಿಗೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ 2009ರಿಂದಲೂ ದಾರಿಯಿಲ್ಲ.

ದೈವಕೃತ ಕಾರಣಗಳಿಂದಾದ ನಷ್ಟಕ್ಕೆ ಸಾಗಣೆದಾರ ಹೊಣೆಯಲ್ಲವೆಂದು ಕಾಯಿದೆ ಹೇಳುತ್ತದೆ. ಸೂಕ್ತ ಎಚ್ಚರ ವಹಿಸಿದ್ದರೆ ತಪ್ಪಿಸಬಹುದಾಗಿದ್ದ ನಷ್ಟಕ್ಕೆ ಆ ರಕ್ಷಣೆಯಿಲ್ಲವೆಂದೂ ಹೇಳುತ್ತದೆ. ರೆಡ್ ಅಲರ್ಟ್ ಘೋಷಣೆಯಾದ ದಿನ ಕೆಮ್ಮಣ್ಣಿನ ಏರಿಗೆ ಲಾರಿ ಹತ್ತಿಸಿದವನು ದೇವರ ಮೇಲೆ ಭಾರ ಹಾಕಲಾರ. ಮಳೆಯಿಂದ ದಿನ ಮುಂದೂಡಿದರೆ ಕಾಯುವ ಬಾಡಿಗೆ ಯಾರದು, ಸಾಮಾನನ್ನು ಪೇಟೆಯ ಗೋದಾಮಿನಲ್ಲಿಟ್ಟರೆ ಬಾಡಿಗೆ ಎಷ್ಟು ಎಂಬುದನ್ನು ಮೊದಲೇ ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ.

ಮಳೆ ನಿಂತ ಕೂಡಲೇ ಎಲ್ಲವೂ ಸುಗಮವಾಗುತ್ತದೆಂಬುದೂ ತಪ್ಪು. ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ಆಗ ಆಳುಗಳೂ ಸಿಗುವುದಿಲ್ಲ, ಜೀಪು-ಪಿಕಪ್ಪುಗಳೂ ಬಿಡುವಾಗಿರುವುದಿಲ್ಲ. ಅಡಿಕೆ ಸೀಮೆಯಲ್ಲಿಯೂ ಆ ತಿಂಗಳುಗಳು ಕೊಯ್ಲಿನವೇ. ಏಪ್ರಿಲ್-ಮೇ ಶಾಲೆಗಳ ರಜೆ ಹಾಗೂ ವರ್ಗಾವಣೆಯ ಕಾಲವಾದ್ದರಿಂದ ನಗರದ ಲಾರಿ ಬಾಡಿಗೆ ಏರಿರುತ್ತದೆ; ಮೇ ಮಧ್ಯದಿಂದ ಸಂಜೆಯ ಮಳೆ ಬೇರೆ. ಮಾರ್ಚ್ ತಿಂಗಳು, ತಪ್ಪಿದರೆ ಮಳೆ ಹಿಂದೆಗೆದ ಅಕ್ಟೋಬರ್ ಕೊನೆ, ಇವೇ ಅನುಕೂಲ. ವಾರದಲ್ಲಿ ಊರಿನ ಸಂತೆಯ ದಿನವನ್ನು ಬಿಟ್ಟು ದಿನ ಗೊತ್ತುಮಾಡಬೇಕು, ಅಂದು ಪೇಟೆಯ ಪಿಕಪ್ಪುಗಳೆಲ್ಲ ಸಂತೆಯ ಸರಕಿಗೆ ಹೋಗಿರುತ್ತವೆ.

ಆಳುಗಳು ಮತ್ತು ಕೊನೆಯ ಮೆಟ್ಟಿಲು

ನಗರದಿಂದ ಲಾರಿಯೊಡನೆ ಬರುವ ನಾಲ್ಕು ಆಳುಗಳು ಲಿಫ್ಟಿಗೆ, ಸಮತಟ್ಟಾದ ನೆಲಕ್ಕೆ ಒಗ್ಗಿದವರು. ರಾತ್ರಿಯಿಡೀ ಲಾರಿಯಲ್ಲಿ ಪ್ರಯಾಣಿಸಿ ಬಂದವರು ಬೆಳಗ್ಗೆ ಕಲ್ಲುಮೆಟ್ಟಿಲಿನ ಮೇಲೆ ಗೋಡ್ರೇಜ್ ಬೀರುವನ್ನು ಹೊರಬೇಕೆಂದರೆ ಅದು ಅವರ ಮೇಲಿನ ಅನ್ಯಾಯವೂ ಹೌದು. ಸ್ಥಳೀಯ ಹಮಾಲಿಗಳಿಗೆ ಆ ನೆಲ ಗೊತ್ತು. ಬಿದಿರಿನ ಗಳಕ್ಕೆ ಹಗ್ಗ ಕಟ್ಟಿ ಬೀರುವನ್ನು ತೂಗಿ ಒಯ್ಯುವ ರೀತಿ, ಜಾರುವ ಪಾಚಿಗಲ್ಲಿನ ಮೇಲೆ ಗೋಣಿ ಹಾಸುವ ರೀತಿ ಅವರಿಗೆ ಅಭ್ಯಾಸವಾಗಿರುವಂತಹದು. ಪ್ಯಾಕಿಂಗಿನ ನಾಜೂಕು ನಗರದವರದು, ಹೊರುವ ಕೌಶಲ ಊರಿನವರದು. ಎರಡೂ ಸೇರಿದ ತಂಡಕ್ಕೆ ಕೂಲಿ ತುಸು ಹೆಚ್ಚಾದರೂ ಹಾನಿ ಕಡಿಮೆ. ಊಟದ ವ್ಯವಸ್ಥೆ ಯಾರದೆಂಬುದು ಸಣ್ಣ ವಿಷಯವಾಗಿ ಕಂಡರೂ, ಹೋಟೆಲು ಎಂಟು ಕಿಲೋಮೀಟರ್ ದೂರವಿರುವಲ್ಲಿ ಅದನ್ನು ನಿರ್ಧರಿಸದೆ ಕೆಲಸ ಆರಂಭಿಸಬಾರದು.

ಪೆಟ್ಟಿಗೆಗಳಿಗೆ ಸಂಖ್ಯೆ ಹಾಕಿ, ಎರಡು ಕಡೆ ಎಣಿಸಬೇಕು: ಬಯಲಿನಲ್ಲಿ ಲಾರಿಯಿಂದ ಇಳಿಸಿದಾಗ ಒಮ್ಮೆ, ಮನೆಯಲ್ಲಿ ಇಳಿಸಿದಾಗ ಇನ್ನೊಮ್ಮೆ. ಒಡೆದುದು, ಕಾಣೆಯಾದುದು ಕಂಡುಬಂದರೆ ರಸೀದಿಯ ಮೇಲೆಯೇ ಬರೆದು ಸಹಿ ಹಾಕಬೇಕು. 'ಎಲ್ಲ ಸರಿಯಾಗಿ ತಲುಪಿದೆ' ಎಂಬ ಮುದ್ರಿತ ಸಾಲಿನ ಕೆಳಗೆ ಕತ್ತಲಾಯಿತೆಂದು ಅವಸರದಲ್ಲಿ ಸಹಿ ಹಾಕಿದವರೇ ಹೆಚ್ಚು ಕಳೆದುಕೊಂಡವರು. ಸಾಗಣೆದಾರನ ಮೇಲೆ ದಾವೆ ಹೂಡಬೇಕಾದರೆ ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದಾದ್ದರಿಂದ, ಮಡಿಕೇರಿಗೆ ಬಂದು ನೆಲೆಸಿದವರು ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮಲೆನಾಡಿನ ಪೇಟೆಗಳ ವಾಹನ ಮಾಲೀಕರು ಈ ವ್ಯವಹಾರವನ್ನು ಇನ್ನೊಂದು ಕಡೆಯಿಂದ ನೋಡಬಹುದು. ನಗರದ ಸಂಸ್ಥೆಗೆ ಬೇಕಾಗಿರುವುದು ಕವಲಿನಲ್ಲಿ ಲಾರಿ ನಿಂತ ಮೇಲೆ ಹುಡುಕುವ ಪಿಕಪ್ಪಲ್ಲ. ಮೊದಲೇ ದಾರಿ ನೋಡಿ ಅಳತೆ ಕಳುಹಿಸುವ, ಆಳು ಹಾಗೂ ಗಾಡಿ ಎರಡಕ್ಕೂ ಒಂದೇ ದರ ಹೇಳುವ, ರಸೀದಿ ಕೊಡುವ ಸ್ಥಳೀಯ ಪಾಲುದಾರ. ಇಬ್ಬರು ಮೂವರು ಗಾಡಿ ಮಾಲೀಕರು ಕೂಡಿ, ಸಾರಿಗೆ ಇಲಾಖೆಯಲ್ಲಿ ಸಾಗಣೆದಾರರಾಗಿ ನೋಂದಣಿ ಪಡೆದು, ಪೇಟೆಯ ಅಂಚಿನಲ್ಲಿ ಲಾರಿ ನಿಲ್ಲಿಸಲು ಹಾಗೂ ಒಂದೆರಡು ದಿನ ಸಾಮಾನಿಡಲು ಮಳೆ ತಾಗದ ಒಂದು ಗೋದಾಮು ಹೊಂದಿದರೆ ಈ ಕೆಲಸಕ್ಕೆ ಬೇಕಾದ ಬಂಡವಾಳ ಬಹುಪಾಲು ಒದಗಿದಂತೆಯೇ. ಕೊಯ್ಲು ಮುಗಿದು ಗಾಡಿಗಳು ಬಿಡುವಾಗುವ ಮಾರ್ಚ್ ತಿಂಗಳಲ್ಲಿಯೇ ಈ ಬೇಡಿಕೆಯೂ ಆರಂಭವಾಗುತ್ತದೆ.